ಅಟ್ಟವಿಲ್ಲದ ಮನೆಗೂ ನಾಳೆಯೆಂಬುದುಂಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಒಂದು ಮನೆಯ ಸ್ಥಿತಿಗತಿಯನ್ನು ಅರಿಯಬೇಕಾದರೆ ಅದರ ಅಟ್ಟವನ್ನು ನೋಡಬೇಕು. ತೋಟದಿಂದ ಇಳಿಸಿದ ಬಲಿತ ಕಾಯಿಗಳು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷಕಾಲ ಅಟ್ಟದ ಮೇಲೆ ನೆರಳಿನಲ್ಲಿಯೇ ಇರುತ್ತವೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದಾಗ ಒಳಗೆ ಸದ್ದು ಕೇಳಿದರೆ ಕಾಯಿ ಸುಲಿಯುವ ಕಾಲ ಬಂತೆಂದು ಅರ್ಥ. ತಿಪಟೂರಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು ತಂದ ಉಂಡೆ ಕೊಬ್ಬರಿ ಸಿದ್ಧವಾಗುವುದು ಹೀಗೆ.

ಅಟ್ಟ ಈ ಸೀಮೆಯ ಹಳೆಯ ಬ್ಯಾಂಕು. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಕೊಳವೆ ಬಾವಿಯ ದುರಸ್ತಿ, ಇವೆಲ್ಲವನ್ನೂ ಅಟ್ಟದತ್ತ ಒಮ್ಮೆ ನೋಡಿಯೇ ತೀರ್ಮಾನಿಸುತ್ತಾರೆ. 'ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ' ಎಂದರೆ ಅಂಗಡಿಯವನೂ ನಂಬುತ್ತಾನೆ. ಆದರೆ ಅದೇ ಊರಿನಲ್ಲಿ ಕಾಯಿ ಕೀಳುವವರು, ಸುಲಿಯುವವರು, ಚಿಪ್ಪು ಒಡೆಯುವವರು ಇದ್ದಾರೆ. ಊರಿನ ಕೊಬ್ಬರಿಯೆಲ್ಲ ಅವರ ಕೈಯಿಂದಲೇ ಹೊರಬರುತ್ತದೆ. ಅವರ ಮನೆಗೆ ಮಾತ್ರ ಅಟ್ಟವಿಲ್ಲ. ಅಂದಿನ ಕೂಲಿ ಅಂದಿಗೆ, ವಾರದ ಲೆಕ್ಕ ಸಂತೆಯ ದಿನಕ್ಕೆ ಮುಗಿಯುತ್ತದೆ. ನಾಳೆಯ ಬಗ್ಗೆ ತೀರ್ಮಾನಿಸುವ ಅಧಿಕಾರ ಕೈಯಲ್ಲಿಲ್ಲದಿರುವುದೇ ಬಡತನದ ಅತ್ಯಂತ ನೋವಿನ ಮುಖ. ಬಡ ಕುಟುಂಬಗಳಿಗೆ ನೇರವಾಗಿ ನೀಡುವ ನಗದು ನೆರವನ್ನು ಈ ದೃಷ್ಟಿಯಿಂದ ನೋಡಿದಾಗ ಅದರ ಚರಿತ್ರೆ ನಮಗೆ ಹಲವು ಪಾಠಗಳನ್ನು ಹೇಳುತ್ತದೆ.

ಆದಿ ಧರ್ಮಸಭೆಯ ಕ್ರಮ

ಹೊಲದ ಅಂಚನ್ನು ಕೊಯ್ಯದೆ, ಉದುರಿದ ತೆನೆಯನ್ನು ಆಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ವಿಧವೆಯಾದ ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದದ್ದು ಈ ಹಕ್ಕಿನಿಂದಲೇ. ನಮ್ಮ ತೆಂಗಿನ ಸೀಮೆಯಲ್ಲಿಯೂ ಬಿದ್ದ ಸೋಗೆ, ಮಟ್ಟೆಗಳನ್ನು ಒಲೆಗಾಗಿ ಆಯ್ದುಕೊಂಡು ಹೋಗುವ ಬಡ ಹೆಣ್ಣುಮಕ್ಕಳನ್ನು ಕಾಣುತ್ತೇವೆ. ಆದರೆ ಹಕ್ಕಲು ಸುಗ್ಗಿಯನ್ನೂ ಒಡೆಯನ ಮನಸ್ಸನ್ನೂ ಅವಲಂಬಿಸಿರುತ್ತದೆ.

ಆದಿ ಕ್ರೈಸ್ತರು ಇನ್ನೊಂದು ಹೆಜ್ಜೆ ಮುಂದೆ ಹೋದರು. ದೈನಂದಿನ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಅಲಕ್ಷಿಸಲಾಗಿದೆ ಎಂಬ ದೂರು ಬಂದಾಗ ಪ್ರೇಷಿತರು ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ಏಳು ಮಂದಿಯನ್ನು ಆರಿಸಿ ಆ ಕಾರ್ಯಕ್ಕೇ ನೇಮಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6:1-6). ಎರಡನೆಯ ಶತಮಾನದ ಕೊನೆಯಲ್ಲಿ ಬರೆದ ತೆರ್ತುಲಿಯನನು ಕ್ರೈಸ್ತರು ತಿಂಗಳಿಗೊಮ್ಮೆ ತಮ್ಮಿಚ್ಛೆಯಂತೆ ಕಾಣಿಕೆ ಸಲ್ಲಿಸುತ್ತಿದ್ದುದನ್ನೂ ಆ ಹಣ ಅನಾಥರಿಗೆ, ವೃದ್ಧರಿಗೆ ಸಲ್ಲುತ್ತಿದ್ದುದನ್ನೂ ದಾಖಲಿಸಿದ್ದಾನೆ. ಕ್ರಿ.ಶ. 251ರ ಸುಮಾರಿಗೆ ವಿಶ್ವಗುರು ಕೊರ್ನೇಲಿಯುಸರು ಬರೆದ ಪತ್ರದಿಂದ ರೋಮಿನ ಧರ್ಮಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಪೋಷಿಸುತ್ತಿತ್ತೆಂದು ತಿಳಿಯುತ್ತದೆ. ಅಷ್ಟು ಜನರನ್ನು ತಪ್ಪದೆ ಪೋಷಿಸುವುದು ಬಾಗಿಲಿಗೆ ಬಂದವರಿಗೆ ಹಿಡಿ ಅಕ್ಕಿ ಹಾಕುವಂಥ ಕೆಲಸವಲ್ಲ. ಯಾರಿಗೆ ಅಗತ್ಯವಿದೆಯೆಂದು ಅರಿತು ನಿಗದಿತ ಕಾಲಕ್ಕೆ ತಲುಪಿಸುವ ವ್ಯವಸ್ಥೆ ಅದಕ್ಕೆ ಬೇಕು.

ಧಾತು ಈಶ್ವರ ಬರದ ಪಾಠ

ಇನ್ನು ನಮ್ಮ ನಾಡಿನ ಚರಿತ್ರೆಗೆ ಬರೋಣ. 1876-78ರ ಭೀಕರ ಕ್ಷಾಮವನ್ನು ಹಿರಿಯರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸರಕಾರದ ಮುಖ್ಯ ಪರಿಹಾರವೆಂದರೆ ಕಾಮಗಾರಿ ಮತ್ತು ಗಂಜಿಕೇಂದ್ರ. ನೆರೆಯ ಮದರಾಸು ಪ್ರಾಂತ್ಯದಲ್ಲಿ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಹಾಗೂ ಒಂದಿಷ್ಟು ಕಾಸಿಗೆ ಇಳಿಸಿದರು. ಹೆಚ್ಚು ಕೊಟ್ಟರೆ ಜನ ಸರಕಾರದ ಮೇಲೆಯೇ ಅವಲಂಬಿತರಾಗುತ್ತಾರೆಂಬ ಭಯ ಅಂದಿನ ಆಡಳಿತಕ್ಕಿತ್ತು. ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು.

ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನ ಮೇಯರರು ಮ್ಯಾನ್ಷನ್ ಹೌಸ್ ನಿಧಿಯನ್ನು ತೆರೆದರು. ಹಣ ಮದರಾಸಿಗೂ ಮೈಸೂರಿಗೂ ಬರುವ ವೇಳೆಗೆ ಮಳೆಯೂ ಬಂದಿತ್ತು. ಆದರೆ ಬಿತ್ತಲು ಬೀಜವಿರಲಿಲ್ಲ, ಉಳಲು ಎತ್ತುಗಳಿರಲಿಲ್ಲ. ಆದುದರಿಂದ ನಿಧಿಯ ಬಹುಪಾಲನ್ನು ಬೀಜ, ಎತ್ತು, ನೇಗಿಲು, ಮನೆಯ ಮಾಡು ಇವುಗಳಿಗಾಗಿ ರೈತರ ಕೈಗೇ ಕೊಡಲಾಯಿತು. ಹಂಚಿಕೆಯ ಸಮಿತಿಗಳಲ್ಲಿ ಅಧಿಕಾರಿಗಳೊಡನೆ ಮಿಷನರಿಗಳೂ ಇದ್ದರು. ಗಂಜಿ ಅಂದಿನ ಜೀವವನ್ನು ಉಳಿಸಿತು. ಕೈಗೆ ಬಂದ ಹಣ ಮುಂದಿನ ಸುಗ್ಗಿಯ ಯೋಚನೆಗೆ ಎಡೆ ಮಾಡಿತು. ಆದರೆ ಆ ನೆರವು ಮುಖ್ಯವಾಗಿ ಸಾಗುವಳಿ ಮಾಡುವವರಿಗೆ ಸಂದಿತು ಎಂಬುದನ್ನೂ ಮರೆಯಬಾರದು.

ಅಂಚೆಯಣ್ಣನಿಂದ ಬ್ಯಾಂಕ್ ಖಾತೆಗೆ

ಸ್ವಾತಂತ್ರ್ಯಾನಂತರ ಹಳ್ಳಿಯ ವೃದ್ಧರಿಗೂ ವಿಧವೆಯರಿಗೂ ಪಿಂಚಣಿಯೆಂದರೆ ಅಂಚೆಯಣ್ಣ ತರುವ ಮನಿಯಾರ್ಡರು. 1995ರ ಆಗಸ್ಟ್ 15ರಂದು ಜಾರಿಗೆ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ ಇತ್ತು. 2006ರಲ್ಲಿ ಅದು 200 ರೂಪಾಯಿಯಾಯಿತು. 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 400 ರೂಪಾಯಿಯೊಂದಿಗೆ ಆರಂಭವಾಯಿತು.

ನೇರ ವರ್ಗಾವಣೆಯ ಚರಿತ್ರೆಯಲ್ಲಿ ತುಮಕೂರು ಜಿಲ್ಲೆಗೆ ವಿಶೇಷ ಸ್ಥಾನವಿದೆ. 2010ರ ಅಕ್ಟೋಬರ್‌ನಲ್ಲಿ ರಾಜ್ಯದ ಆಧಾರ್ ನೋಂದಣಿ ಪ್ರಾರಂಭವಾದುದು ತುಮಕೂರು ಮತ್ತು ಮೈಸೂರು ಜಿಲ್ಲೆಗಳಲ್ಲಿ. 2013ರ ಜೂನ್ 1ರಂದು ಅಡುಗೆ ಅನಿಲದ ಸಹಾಯಧನವನ್ನು ಖಾತೆಗೆ ಹಾಕುವ ಕ್ರಮ ದೇಶದಲ್ಲಿ ಆರಂಭವಾದಾಗಲೂ ಮೊದಲ ಜಿಲ್ಲೆಗಳಲ್ಲಿ ತುಮಕೂರು ಇತ್ತು. 2014ರ ಆರಂಭದಲ್ಲಿ ಅದನ್ನು ನಿಲ್ಲಿಸಿ, ಅದೇ ವರ್ಷದ ನವೆಂಬರ್‌ನಲ್ಲಿ 'ಪಹಲ್' ಎಂಬ ಹೆಸರಿನಿಂದ ಮತ್ತೆ ತರಲಾಯಿತು.

2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಪ್ರಧಾನ ಮಂತ್ರಿ ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೀಡುವಂಥದು. ಆದರೆ ಅದಕ್ಕೆ ಜಮೀನು ಇರಬೇಕು. ಕೊಬ್ಬರಿಯ ಬೆಂಬಲ ಬೆಲೆಗೂ ಜಮೀನು ಇರಬೇಕು. ಅಟ್ಟವಿಲ್ಲದ ಮನೆಗೆ ತಿಂಗಳ ಹಣ ವ್ಯಾಪಕವಾಗಿ ತಲುಪಿದ್ದು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆಯಿಂದ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದ ಹೆಣ್ಣುಮಗಳಿಗೆ ತಿಂಗಳಿಗೆ 2,000 ರೂಪಾಯಿ. ಫಲಾನುಭವಿಗಳು ಒಂದು ಕೋಟಿಗೂ ಹೆಚ್ಚು.

ಎರಡು ಕ್ವಿಂಟಲ್ ಕೊಬ್ಬರಿ

ಈ ಮೊತ್ತವನ್ನು ಸೀಮೆಯ ಅಳತೆಯಲ್ಲಿಯೇ ಅಳೆದು ನೋಡೋಣ. 2,000 ರೂಪಾಯಿ ವರ್ಷಕ್ಕೆ 24,000 ಆಗುತ್ತದೆ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಅಂದರೆ ಒಂದು ತೆಂಗಿನ ಮರವೂ ಇಲ್ಲದ ಮನೆಗೆ ಎರಡು ಕ್ವಿಂಟಲ್ ಕೊಬ್ಬರಿಯಷ್ಟು ಆಧಾರ ಒದಗಿತು. ಅದು ಪುಟ್ಟ ಅಟ್ಟವೇ ಸರಿ, ಆದರೂ ಅಟ್ಟ. ಇಂಥ ತಾರೀಖಿಗೆ ಹಣ ಬರುತ್ತದೆ ಎಂಬ ಭರವಸೆಯಿದ್ದಾಗ ತಾಯಿ ಚೀಟಿಗೆ ಸೇರಬಲ್ಲಳು. ಸ್ವಸಹಾಯ ಸಂಘದ ಕಂತು ಕಟ್ಟಬಲ್ಲಳು. ಮಗಳನ್ನು ಹತ್ತನೆಯ ತರಗತಿಗೆ ಬಿಡಿಸದೆ ಮುಂದಕ್ಕೆ ಓದಿಸುವ ಮಾತಾಡಬಲ್ಲಳು. ರಕ್ತದೊತ್ತಡದ ಮಾತ್ರೆಯನ್ನು ಕೂಲಿ ಸಿಕ್ಕ ದಿನಕ್ಕೆ ಮಾತ್ರ ಎನ್ನದೆ ತಿಂಗಳಿಗೆ ಕೊಳ್ಳಬಲ್ಲಳು.

ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಕುಡಿತಕ್ಕೆ ಹಾಕುತ್ತಾರೆ ಎಂಬ ಆಕ್ಷೇಪ 1877ರಷ್ಟೇ ಹಳೆಯದು. ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ ನಮ್ಮ ಬಾಯಿಂದಲೂ ಬರುವಂಥದು. ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011-12ರಲ್ಲಿ ಸೇವಾ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳ ಪಾಲಿಗೆ 100 ರೂಪಾಯಿಯನ್ನು ಷರತ್ತಿಲ್ಲದೆ ಕೊಟ್ಟು, ಬಳಿಕ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಕುಡಿತ ಹೆಚ್ಚಿದ್ದು ಕಂಡುಬರಲಿಲ್ಲ. ಬೀಜ ಗೊಬ್ಬರ ಕೊಂಡು ಸ್ವಂತ ತುಂಡು ನೆಲದಲ್ಲಿ ದುಡಿದವರು, ಆಡು ಕೋಳಿ ಸಾಕಿದವರು, ಸಾಲ ತೀರಿಸಿದವರು ಹೆಚ್ಚಿದರು. ಕೆಲಸ ಕಡಿಮೆಯಾಗಲಿಲ್ಲ, ಯಾರಿಗಾಗಿ ಕೆಲಸ ಎಂಬುದು ಬದಲಾಯಿತು.

2024ರಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧೆಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ಹಣದಿಂದ ಊರವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅರ್ಥಶಾಸ್ತ್ರದ ಕಣ್ಣಿಗೆ ಅದು ದುಂದು ಎನಿಸಬಹುದು. ಆದರೆ ಜೀವನವಿಡೀ ಪಡೆಯುವವರಾಗಿಯೇ ಉಳಿದವರಿಗೆ ಕೊಡುವವರಾಗುವ ಆಸೆಯಿರುವುದಿಲ್ಲವೇ? ಕಾಣಿಕೆ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಪ್ರಭು ಯೇಸು ದುಂದುಗಾರ್ತಿ ಎನ್ನಲಿಲ್ಲ.

ತಪ್ಪಿದ ಕಂತು

ಹಾಗೆಂದು ನಗದು ನೆರವು ಸರ್ವರೋಗಕ್ಕೂ ಮದ್ದಲ್ಲ. 2025ರಲ್ಲಿ ಉಂಡೆ ಕೊಬ್ಬರಿಯ ಪೇಟೆ ಬೆಲೆ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ತೋಟದವರಿಗೆ ಅದು ಹಲವು ವರ್ಷಗಳ ನಷ್ಟಕ್ಕೆ ಸಿಕ್ಕ ಸಮಾಧಾನ. ಕೂಲಿಯ ಮನೆಯಲ್ಲಿ ಸಾರಿಗೆ ಹಾಕುವ ಕಾಯಿಯೇ ತುಟ್ಟಿಯಾಯಿತು. ವರ್ಷದ 24,000 ರೂಪಾಯಿಗೆ ಒಂದು ಕ್ವಿಂಟಲ್ ಕೊಬ್ಬರಿಯೂ ಬಾರದಂತಾಯಿತು. ಅನ್ನಭಾಗ್ಯದಲ್ಲಿ 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡಲಾಗುತ್ತಿತ್ತು. ಕಿಲೋಗೆ 34 ರೂಪಾಯಿಯ ಆ ಲೆಕ್ಕಕ್ಕೆ ಅಂಗಡಿಯಲ್ಲಿ ಒಳ್ಳೆಯ ಅಕ್ಕಿ ಸಿಗುತ್ತಿರಲಿಲ್ಲ. 2025ರ ಆರಂಭದಲ್ಲಿ ನಗದು ನಿಂತು ಅಕ್ಕಿಯೇ ಬಂದಿತು. ಬೆಲೆ ಏರಿದಾಗ ಹಣ ಕರಗುತ್ತದೆ, ಅಕ್ಕಿ ಕರಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ವಿಳಂಬ. ಗೃಹಲಕ್ಷ್ಮಿಯ 2025ರ ಫೆಬ್ರವರಿ, ಮಾರ್ಚ್ ಕಂತುಗಳು ಬಾಕಿಯಾದ ವಿಚಾರ ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಚರ್ಚೆಯಾಯಿತು. ಬರುವ ಹಣವನ್ನು ನಂಬಿ ಚೀಟಿ ಹಾಕಿದವಳು, ಕಿರುಸಾಲ ಸಂಸ್ಥೆಯ ವಾರದ ಕಂತಿಗೆ ಒಪ್ಪಿಕೊಂಡವಳು ಆ ಎರಡು ತಿಂಗಳು ಏನು ಮಾಡಬೇಕು? ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾದ ಪರಿಸ್ಥಿತಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ (24:15) ವಿಧಿಸುವುದು ಅವನು ಅದನ್ನೇ ನೆಚ್ಚಿಕೊಂಡಿರುವ ಕಾರಣದಿಂದ. ನೆರವಿನ ವಿಷಯದಲ್ಲಿಯೂ ನ್ಯಾಯ ಅದೇ. ಎಷ್ಟು ಕೊಡುತ್ತೇವೆ ಎಂಬುದರಷ್ಟೇ, ಹೇಳಿದ ದಿನಕ್ಕೆ ಕೊಡುತ್ತೇವೆಯೇ ಎಂಬುದೂ ಮುಖ್ಯ.

ನಮ್ಮ ಪಾಲು

ಸರಕಾರದ ಯೋಜನೆ ಬಂದ ಮೇಲೆ ಧರ್ಮಕೇಂದ್ರಗಳಿಗೆ ಇನ್ನೇನು ಕೆಲಸವೆಂದು ಕೆಲವರು ಕೇಳಬಹುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಹಣಕ್ಕಿಂತ ಮೊದಲು ಮನೆಭೇಟಿಗೆ ಪ್ರಾಶಸ್ತ್ಯ ಕೊಟ್ಟಿತು. ಇಂದು ಅದರ ಅಗತ್ಯ ಹೆಚ್ಚಾಗಿದೆ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಅಜ್ಜಿಗೆ ಹಣ ಏಕೆ ನಿಂತಿತೆಂದು ಹೇಳುವವರಿಲ್ಲ. ದುಡಿದು ಬೆರಳಚ್ಚು ಸವೆದ ಕೂಲಿಯವರ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಕಚೇರಿಗೆ ಅಲೆದರೆ ಒಂದು ದಿನದ ಕೂಲಿ ಹೋಗುತ್ತದೆ. ನಮ್ಮ ಕುಟುಂಬಗಳಲ್ಲಿ ಓದಿದ ಯುವಕ ಯುವತಿಯರಿದ್ದಾರೆ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಎರಡು ತಾಸು ಕುಳಿತು, ಜಾತಿ ಮತ ನೋಡದೆ ಊರವರ ಕಾಗದಪತ್ರ ಸರಿಪಡಿಸಿಕೊಟ್ಟರೆ ಸಾಕು. ಆದಿ ಧರ್ಮಸಭೆ ಆ ಏಳು ಮಂದಿಯನ್ನು ನೇಮಿಸಿದ್ದು ಇಂಥ ಕೆಲಸಕ್ಕಾಗಿಯೇ. ತೋಟವುಳ್ಳ ಕುಟುಂಬಗಳು ಇನ್ನೊಂದನ್ನೂ ಮಾಡಬಹುದು: ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ, ಕಾಯಿ ಸುಲಿದವರ ಕೂಲಿಯನ್ನೂ ಏರಿಸುವುದು.