ಹೈಲ್ಯಾಂಡ್ ಬ್ಯಾಗ್‌ಪೈಪ್ ಮತ್ತು ಡ್ರಮ್: ಶೌರ್ಯ–ಶೋಕಗಳ ನಾದಚರಿತ್ರೆ

ಸ್ಕಾಟ್ಲೆಂಡಿನ ಹೈಲ್ಯಾಂಡ್ ಬ್ಯಾಗ್‌ಪೈಪಿನ ನಾದಕ್ಕೆ ಮೈ ನವಿರೇಳುವುದನ್ನು ಅಲ್ಲಿನ ಗುಡ್ಡಗಾಡು ಜನರ ರಕ್ತಗುಣವೆಂದು ವಿವರಿಸುವ ಪರಿಪಾಠ ಹತ್ತೊಂಬತ್ತನೆಯ ಶತಮಾನದ ಬರವಣಿಗೆಯಲ್ಲಿ ಬೇರೂರಿತು. ಆದರೆ ಆ ಭಾವಶಕ್ತಿಯ ಮೂಲವನ್ನು ವಾದ್ಯದ ರಚನೆಯಲ್ಲಿಯೂ ಅದು ಬಳಕೆಗೊಂಡ ಸಂದರ್ಭಗಳಲ್ಲಿಯೂ ಅರಸುವುದೇ ಸಮಂಜಸ.

ಈ ವಾದ್ಯದಲ್ಲಿ ಕಂಕುಳಲ್ಲಿ ಅವುಚಿಕೊಳ್ಳುವ ಗಾಳಿಚೀಲ, ಅದಕ್ಕೆ ಉಸಿರು ತುಂಬುವ ಊದುಕೊಳವೆ, ಬೆರಳಾಡಿಸುವ ಚಾಂಟರ್ ಎಂಬ ಸ್ವರನಳಿಕೆ, ಹೆಗಲ ಮೇಲೆ ಒರಗುವ ಮೂರು ಡ್ರೋನ್‌ಗಳು, ಅಂದರೆ ಶ್ರುತಿನಳಿಕೆಗಳು ಇರುತ್ತವೆ. ಡ್ರೋನ್‌ಗಳಲ್ಲಿ ಎರಡು ಚಾಂಟರಿನ ಆಧಾರಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ, ಮೂರನೆಯದು ಎರಡು ಸ್ಥಾಯಿ ಕೆಳಗೆ ಮೊಳಗುತ್ತವೆ. ಚಾಂಟರಿಗೆ ಇರುವುದು ಒಂಬತ್ತೇ ಸ್ವರಗಳು. ಅವನ್ನು ಮೆಲ್ಲಗೆ ಅಥವಾ ಜೋರಾಗಿ ನುಡಿಸಲಾಗದು, ನಡುವೆ ಮೌನವನ್ನೂ ತರಲಾಗದು. ಒಂದೇ ಸ್ವರ ಎರಡು ಸಲ ಬರಬೇಕಾದರೆ ಅವುಗಳ ನಡುವೆ ಮಿಂಚಿ ಮರೆಯಾಗುವ ಅಲಂಕಾರಸ್ವರವೊಂದನ್ನು ಇಟ್ಟೇ ಬೇರ್ಪಡಿಸಬೇಕು. ಹೀಗೆ ಏರಿಳಿತದ ದಾರಿ ಮುಚ್ಚಿದ್ದರಿಂದಲೇ ವಾದಕರು ಸ್ವರವನ್ನು ಹಿಗ್ಗಿಸಿ ಕುಗ್ಗಿಸುವ ಕಾಲಪ್ರಜ್ಞೆಯನ್ನೂ ಅಲಂಕಾರಗಳ ಸೂಕ್ಷ್ಮತೆಯನ್ನೂ ಅಸಾಧಾರಣವಾಗಿ ಬೆಳೆಸಿಕೊಂಡರು. ತಂಬೂರಿಯ ಶ್ರುತಿಗೆ ಕಿವಿ ಪಳಗಿದ ಕನ್ನಡ ಕೇಳುಗರಿಗೆ, ನಿಲ್ಲದ ಶ್ರುತಿಯೊಡನೆ ಸ್ವರವೊಂದು ಘರ್ಷಿಸಿ ಮತ್ತೆ ಅದರಲ್ಲಿ ಲೀನವಾಗುವಾಗ ಹುಟ್ಟುವ ತವಕ ಅಪರಿಚಿತವೇನಲ್ಲ.

ಈ ಗುಣಗಳು ಪೂರ್ಣವಾಗಿ ಅರಳಿದ್ದು 'ಕ್ಯೋಲ್ ಮೋರ್', ಅಂದರೆ 'ಮಹಾಸಂಗೀತ' ಎಂಬ ಪ್ರಕಾರದಲ್ಲಿ. ಸ್ಕೈ ದ್ವೀಪದಲ್ಲಿ ಡನ್‌ವೆಗನ್ನಿನ ಮ್ಯಾಕ್ಲೌಡ್ ಮುಖ್ಯಸ್ಥರ ಆಶ್ರಯದಲ್ಲಿದ್ದ ಮ್ಯಾಕ್ರಿಮನ್ ಮನೆತನ ಇದರ ಪ್ರಸಿದ್ಧ ಪರಂಪರೆ. ಅಲ್ಲಿ ಪಾಠ ನಡೆಯುತ್ತಿದ್ದುದು ಬಾಯಿಂದ ಬಾಯಿಗೆ. ಸ್ವರಕ್ಕೂ ಅಲಂಕಾರಕ್ಕೂ ನಿಗದಿಯಾದ ಉಚ್ಚಾರಗಳನ್ನು ಹಾಡಿ ಕಲಿಸುವ ಈ ಪದ್ಧತಿಗೆ 'ಕಾಂಟರಾಕ್' ಎಂದು ಹೆಸರು. 'ಊರ್ಲರ್' ಎಂಬ ನಿಧಾನಗತಿಯ ಮೂಲರಾಗದಿಂದ ಆರಂಭವಾಗುವ ಕೃತಿ, ಹಂತಹಂತವಾಗಿ ಜಟಿಲಗೊಳ್ಳುವ ವಿಸ್ತರಣೆಗಳ ಮೂಲಕ ಸಾಗಿ, ಬೆರಳುಗಳ ತ್ವರಿತ ಸರಣಿಯಾದ 'ಕ್ರುನ್ಲುವಾ'ದಲ್ಲಿ ತುತ್ತತುದಿಗೇರಿ, ಕಡೆಗೆ ಮೂಲರಾಗಕ್ಕೇ ಮರಳುತ್ತದೆ. ಅಗಲಿದವರನ್ನು ಕುರಿತ ಶೋಕಕೃತಿಗಳು ಈ ಭಂಡಾರದಲ್ಲಿ ಹೇರಳವಾಗಿವೆ. ಗಮನಾರ್ಹವೆಂದರೆ, ಇಲ್ಲಿ ಡ್ರಮ್ಮಿಗೆ ಎಡೆಯೇ ಇಲ್ಲ.

1746ರ ಏಪ್ರಿಲ್ 16ರಂದು ಕಲೋಡನ್ ಕದನದಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಬಂಡೆದ್ದ ಜಾಕೊಬೈಟ್ ಪಡೆ ಸೋತ ಬಳಿಕ, ಅದರ ಪೈಪರ್‌ಗಳಲ್ಲೊಬ್ಬನಾದ ಜೇಮ್ಸ್ ರೀಡ್ ಯಾರ್ಕ್ ನಗರದಲ್ಲಿ ವಿಚಾರಣೆಗೊಳಗಾದನು. ತಾನು ಆಯುಧ ಹಿಡಿದಿರಲಿಲ್ಲವೆಂದು ಆತ ವಾದಿಸಿದರೂ, ಹೈಲ್ಯಾಂಡ್ ಪಡೆ ಪೈಪರ್ ಇಲ್ಲದೆ ಹೊರಡುವುದಿಲ್ಲವಾದ್ದರಿಂದ ಪೈಪ್ ಯುದ್ಧಸಾಧನವೇ ಎಂದು ನ್ಯಾಯಾಲಯ ಪರಿಗಣಿಸಿ ಅವನನ್ನು ಗಲ್ಲಿಗೇರಿಸಿತು. ಇದರಿಂದ ಬ್ಯಾಗ್‌ಪೈಪನ್ನೇ ಕಾನೂನು ನಿಷೇಧಿಸಿತೆಂಬ ನಂಬಿಕೆ ಹರಡಿತು. ಆದರೆ ಆಯುಧಗಳನ್ನೂ ಹೈಲ್ಯಾಂಡ್ ಉಡುಪನ್ನೂ ನಿರ್ಬಂಧಿಸಿದ 1746ರ ಶಾಸನದಲ್ಲಿ ಈ ವಾದ್ಯದ ಹೆಸರಿಲ್ಲ. ಜಾನ್ ಗಿಬ್ಸನ್ 1998ರ ತಮ್ಮ ಗ್ರಂಥದಲ್ಲಿ ಈ ನಂಬಿಕೆಯನ್ನು ವಿವರವಾಗಿ ಅಲ್ಲಗಳೆದಿದ್ದಾರೆ. ಆದರೂ, ದಮನಕ್ಕೊಳಗಾಗಿ ಬದುಕುಳಿದ ನಾದವೆಂಬ ಭಾವನೆ ಕೇಳುಗರ ಮನಸ್ಸಿನಲ್ಲಿ ನೆಲೆಯೂರಿ, ಸಂಗೀತಕ್ಕೆ ಹೊಸದೊಂದು ಆರ್ದ್ರತೆಯನ್ನು ಕೊಟ್ಟಿತು.

ಸೋತವರ ವಾದ್ಯ ಮುಂದೆ ಗೆದ್ದವರ ಸೇನೆಯಲ್ಲೇ ಬೆಳೆಯಿತು. 1854ರಲ್ಲಿ ಬ್ರಿಟಿಷ್ ಸೇನೆಯ ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ ಪೈಪರ್‌ಗಳಿಗೆ ಅಧಿಕೃತ ಮನ್ನಣೆ ದೊರೆತು, ಸುಮಾರು ಅದೇ ಕಾಲದಲ್ಲಿ ಪೈಪ್ ಮತ್ತು ಡ್ರಮ್ ಒಂದೇ ತಂಡವಾಗಿ ಕೂಡಿದವು. ಇಂದು ಸನಾತನವೆಂದು ತೋರುವ ಈ ಜೋಡಿಗೆ ಎರಡು ಶತಮಾನದಷ್ಟೂ ವಯಸ್ಸಾಗಿಲ್ಲ. ಎಡೆಬಿಡದ ಪೈಪಿನ ನಾದಕ್ಕೆ ಇಲ್ಲದ ಪೆಟ್ಟು, ಬಿಡುವು, ಏರಿಳಿತಗಳನ್ನು ಡ್ರಮ್ ತುಂಬಿಕೊಟ್ಟಿತು. ಚುರುಕು ನಡೆಯಲ್ಲಿ ಹೆಜ್ಜೆಗಳನ್ನು ಒಗ್ಗೂಡಿಸಿ ಹುರುಪೇರಿಸುವ ಅದೇ ಡ್ರಮ್, ಶವಯಾತ್ರೆಯಲ್ಲಿ ಬಟ್ಟೆ ಸುತ್ತಿಕೊಂಡು ಮಂಕಾಗಿ ನುಡಿದಾಗ ಶೋಕದ ಭಾರವನ್ನು ಹೊರುತ್ತದೆ. 1513ರ ಫ್ಲಾಡನ್ ಕದನದಲ್ಲಿ ಮಡಿದವರ ನೆನಪಿನೊಂದಿಗೆ ಬೆಸೆದುಕೊಂಡ 'ಫ್ಲವರ್ಸ್ ಆಫ್ ದ ಫಾರೆಸ್ಟ್' ರಾಗವನ್ನು ಶವಸಂಸ್ಕಾರ ಅಥವಾ ಸ್ಮರಣೆಯ ಸಂದರ್ಭದಲ್ಲಲ್ಲದೆ ಸಾರ್ವಜನಿಕವಾಗಿ ನುಡಿಸಬಾರದೆಂಬ ಸಂಪ್ರದಾಯವನ್ನು ಅನೇಕ ಪೈಪರ್‌ಗಳು ಇಂದಿಗೂ ಪಾಲಿಸುತ್ತಾರೆ. ಸಂದರ್ಭವೇ ಭಾವವನ್ನು ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ರಣರಂಗದ ದೃಷ್ಟಾಂತಗಳಲ್ಲಿ 1897ರ ಅಕ್ಟೋಬರ್ 20ರ ಘಟನೆ ವಿಶೇಷ ಪರಿಶೀಲನೆಗೆ ಅರ್ಹ. ಬ್ರಿಟಿಷ್ ಭಾರತದ ವಾಯವ್ಯ ಗಡಿಯ ದರ್ಗಾಯ್ ಗುಡ್ಡದ ಮೇಲೆ ಗಾರ್ಡನ್ ಹೈಲ್ಯಾಂಡರ್ಸ್ ಪಡೆ ಏರಿಹೋಗುವಾಗ ಪೈಪರ್ ಜಾರ್ಜ್ ಫಿಂಡ್ಲೇಟರ್ ಕಾಲಿಗೆ ಗುಂಡು ತಗುಲಿ ಬಿದ್ದರೂ ಕುಳಿತಲ್ಲೇ ನುಡಿಸುತ್ತ ಹೋದನು. ವಿಕ್ಟೋರಿಯಾ ಕ್ರಾಸ್ ಪಡೆದನು. ಪತ್ರಿಕೆಗಳು ಅವನು ನುಡಿಸಿದ್ದು 'ಕಾಕ್ ಓ ದ ನಾರ್ತ್' ಎಂದು ಬರೆದವು. ತಾನು ನುಡಿಸಿದ್ದು ಬೇರೆ ರಾಗವೆಂದು ಅವನೇ ಹೇಳಿದನು. ಜನಮನವನ್ನು ಕಲಕಿದ್ದು ಯಾವ ರಾಗವೆಂಬುದಲ್ಲ, ನಾದ ನಿಲ್ಲಲಿಲ್ಲವೆಂಬುದು.

ಇದೇ ಧೈರ್ಯದ ನಾದ ಎದುರು ಪಕ್ಷದವರಿಗೆ ಆಕ್ರಮಣದ ನಾದವೂ ಆಗಿತ್ತೆಂಬುದನ್ನು ಮರೆಯಲಾಗದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೇನೆಯಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಆದರೂ ವಾದ್ಯದ ಭಾವಾರ್ಥ ಅಲ್ಲಿಗೇ ಸ್ಥಿರಗೊಳ್ಳಲಿಲ್ಲ. ಬ್ರಿಟಿಷರ ಕಾಲದ ಸೇನೆಯ ಮೂಲಕ ಗಢವಾಲ ಮತ್ತು ಕುಮಾವೂಂ ಬೆಟ್ಟಗಳಿಗೆ ಬಂದ ಬ್ಯಾಗ್‌ಪೈಪ್, ಇಂದು ಉತ್ತರಾಖಂಡದ ಮದುವೆ ಮೆರವಣಿಗೆಗಳಲ್ಲಿ 'ಮಶಕ್‌ಬೀನ್' ಎಂಬ ಹೆಸರಿನಲ್ಲಿ, ಢೋಲ್–ದಮಾವುಗಳ ಜೊತೆಗೂಡಿ ಮಂಗಳವಾದ್ಯವಾಗಿ ಮೊಳಗುತ್ತಿದೆ.