ಮೂವತ್ತು ದಿನದ ಹಡಗು: ರಾಜೇಶ್ವರಿ ಚಟರ್ಜಿ ಅಮೆರಿಕದಿಂದ ಏನು ತಂದರು?

 

ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿತು. ಮನೆಯಲ್ಲಿ ಸಂಭ್ರಮಕ್ಕಿಂತ ಲೆಕ್ಕಾಚಾರವೇ ಜಾಸ್ತಿ. ಲೋನ್ ಎಷ್ಟು, ಬಡ್ಡಿ ಎಷ್ಟು, ವೀಸಾ ಆಗುತ್ತಾ ಇಲ್ವಾ. ಇದೆಲ್ಲ ಮುಗಿದ ಮೇಲೆ ಅಜ್ಜಿ ಕೇಳಿದ್ದು ಒಂದೇ: "ಓದು ಮುಗಿಸಿ ವಾಪಸ್ ಬರ್ತೀಯೇನೇ?" ಅವಳು ಫೋನ್ ನೋಡ್ತಾ ಕೂತುಬಿಟ್ಟಳು.

ಆಗ ನನಗೆ ನೆನಪಾದವರು ರಾಜೇಶ್ವರಿ ಚಟರ್ಜಿ. ಹೆಸರು ಕೇಳಿ ಬಂಗಾಳಿ ಅನ್ಕೋಬೇಡಿ, ಅದು ಮದುವೆಯಾದ ಮೇಲೆ ಬಂದ ಹೆಸರು. ಹುಟ್ಟಿದ್ದು 1922ರಲ್ಲಿ, ನಮ್ಮ ಮೈಸೂರು ಸೀಮೆಯಲ್ಲೇ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಅಕ್ಷರ ಕಲಿತದ್ದೇ ಅಜ್ಜಿ ಕಟ್ಟಿದ ಶಾಲೆಯಲ್ಲಿ. ಹುಡುಗಿಗೆ ಇತಿಹಾಸ ಓದೋ ಆಸೆಯೂ ಇತ್ತಂತೆ. ಕೊನೆಗೆ ಗಣಿತದ ಕಡೆ ಹೋದರು. ನಮ್ಮ ವಿಷಯಕ್ಕೆ ಅದೊಂದು ನಷ್ಟ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚು!

ಸೆಂಟ್ರಲ್ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿ ಸಿ.ವಿ. ರಾಮನ್ ಹತ್ತಿರ ಸಂಶೋಧನೆ ಮಾಡ್ತೀನಿ ಅಂತ ಕೇಳಿದರು. ರಾಮನ್ ಸೇರಿಸಿಕೊಳ್ಳಲಿಲ್ಲ. ಭೌತಶಾಸ್ತ್ರದ ಪದವಿ ಇಲ್ಲ ಅನ್ನೋದು ಕಾರಣ. ಹೆಣ್ಣುಮಕ್ಕಳು ಅನ್ನೋದೂ ಒಂದು ಕಾರಣ ಅಂತ ಹೇಳುವವರಿದ್ದಾರೆ. 1933ರಲ್ಲಿ ಕಮಲಾ ಸೊಹೊನಿ ಅವರನ್ನೂ ರಾಮನ್ ಮೊದಲು ಬೇಡ ಅಂದಿದ್ದರು, ಹಾಗಾಗಿ ಆ ಮಾತನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ರಾಜೇಶ್ವರಿ ಮಾತ್ರ ಟಾಟಾ ಇನ್‌ಸ್ಟಿಟ್ಯೂಟ್ ಬಿಟ್ಟು ಹೋಗಲಿಲ್ಲ. 1943ರಲ್ಲಿ ಅಲ್ಲೇ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿ, ಸಂವಹನ ತಂತ್ರಜ್ಞಾನದ ಕಡೆ ತಿರುಗಿದರು.

ಈಗ 1946ಕ್ಕೆ ಬನ್ನಿ. ದೆಹಲಿಯಲ್ಲಿ ಮಧ್ಯಂತರ ಸರ್ಕಾರ. ಬ್ರಿಟಿಷರು ಹೊರಡೋದು ಖಚಿತ, ಆದರೆ ಅವರು ಹೋದ ಮೇಲೆ ರೇಡಿಯೋ, ವಿದ್ಯುತ್, ಕಾರ್ಖಾನೆ ಇವನ್ನೆಲ್ಲ ನಡೆಸೋರು ಯಾರು? ಅದಕ್ಕೇ ಬುದ್ಧಿವಂತ ಯುವಜನರನ್ನ ಆರಿಸಿ, ಸ್ಕಾಲರ್‌ಶಿಪ್ ಕೊಟ್ಟು ಹೊರದೇಶಕ್ಕೆ ಕಳಿಸಿದರು. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ರಾಜೇಶ್ವರಿ ಆಯ್ಕೆಯಾದರು. ಇನ್ನೂ ಹುಟ್ಟದೇ ಇರೋ ದೇಶವೊಂದು ಮದುವೆಯಾಗದ, ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳ ಮೇಲೆ ದುಡ್ಡು ಹೂಡಿತು. ಈ ಒಂದು ಸಂಗತಿ ನನಗೆ ಈಗಲೂ ರೋಮಾಂಚನ.

1947ರಲ್ಲಿ ಹಡಗು ಹತ್ತಿದರು. ಯುದ್ಧದಲ್ಲಿ ಸೈನಿಕರನ್ನ ಸಾಗಿಸೋಕೆ ಇದ್ದ ಹಡಗದು, ಆಗ ಪ್ರಯಾಣಿಕರಿಗೆ ಬಿಟ್ಟಿದ್ದರು. ಅಮೆರಿಕ ತಲುಪೋಕೆ ಸುಮಾರು 30 ದಿನ. ಅಲ್ಲಿಂದ ಆನ್ ಆರ್ಬರ್ ಊರಿಗೆ, ಮಿಶಿಗನ್ ವಿಶ್ವವಿದ್ಯಾಲಯಕ್ಕೆ. ಅದೇ ಊರಿಗೆ ಇಪ್ಪತ್ತಮೂರು ವರ್ಷ ಮೊದಲು, 1924ರಲ್ಲಿ, ತಲಶ್ಶೇರಿಯ ಜಾನಕಿ ಅಮ್ಮಾಳ್ ಸಸ್ಯಶಾಸ್ತ್ರ ಓದೋಕೆ ಹೋಗಿದ್ದರು. ಏಷ್ಯಾದ ಹೆಣ್ಣುಮಕ್ಕಳಿಗೆ ಅಂತಲೇ ಅಲ್ಲಿ ಬಾರ್ಬರ್ ಸ್ಕಾಲರ್‌ಶಿಪ್ ಇತ್ತು.

ರಾಜೇಶ್ವರಿ ಅಲ್ಲಿ ಮಾಸ್ಟರ್ಸ್ ಮುಗಿಸಿದರು. ಆಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ 8 ತಿಂಗಳು ರೇಡಿಯೋ ತರಂಗಗಳನ್ನ ಅಳೆಯೋ ವಿಭಾಗದಲ್ಲಿ ತರಬೇತಿ. ಮತ್ತೆ ಮಿಶಿಗನ್. ಪ್ರೊಫೆಸರ್ ವಿಲಿಯಂ ಡೌ ಮಾರ್ಗದರ್ಶನದಲ್ಲಿ 1953ರ ಆರಂಭದಲ್ಲಿ ಪಿಎಚ್‌ಡಿ.

ಆ ಕಾಲದಲ್ಲಿ ಮೈಕ್ರೋವೇವ್ ಅಂದ್ರೆ ಅಡುಗೆಮನೆ ಅವನ್ ಅಲ್ಲ ರೀ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಪತ್ತೆ ಮಾಡೋ ರೇಡಾರ್‌ಗೆ ಬಳಸಿದ ತರಂಗ. ರೇಡಿಯೋ ಸ್ಟೇಷನ್ನಿನ ಅಲೆ ನೂರಾರು ಮೀಟರ್ ಉದ್ದ ಇರಬಹುದು, ಇದು ಗೇಣುದ್ದಕ್ಕಿಂತ ಕಮ್ಮಿ. ಹಾಗಾಗಿ ಚಿಕ್ಕ ಆಂಟೆನಾದಿಂದಲೇ ಬೇಕಾದ ದಿಕ್ಕಿಗೆ ಗುರಿಯಿಟ್ಟು ಕಳಿಸಬಹುದು. ನಿಮ್ಮ ಮನೆಯ 2.4 ಗಿಗಾಹರ್ಟ್ಸ್ ವೈಫೈ ಇದೆಯಲ್ಲ, ಅದರ ಅಲೆ ಸುಮಾರು 12 ಸೆಂಟಿಮೀಟರ್. ಅದೂ ಇದೇ ಜಾತಿ.

1953ರಲ್ಲೇ ರಾಜೇಶ್ವರಿ ಬೆಂಗಳೂರಿಗೆ ವಾಪಸ್ ಬಂದು, ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನ ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ದೇಶದಲ್ಲಿ ಈ ವಿಷಯದ ಸಂಶೋಧನೆಗೆ ಬುನಾದಿ ಹಾಕಿದ ಜಾಗಗಳಲ್ಲಿ ಅದೂ ಒಂದು. 1982ರಲ್ಲಿ ನಿವೃತ್ತರಾಗೋ ಹೊತ್ತಿಗೆ ವಿಭಾಗದ ಮುಖ್ಯಸ್ಥೆಯೂ ಆಗಿದ್ದರು. ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು 20 ಮಂದಿ.

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರ ಬಗ್ಗೆ ಬರೀತಾರೆ. ಬರೀಲಿ, ಒಳ್ಳೇದೇ. ಆದರೆ "ಮೊದಲು" ಅನ್ನೋ ಒಂದೇ ಪದಕ್ಕೆ ಅವರನ್ನ ಕಟ್ಟಿಹಾಕಿದ್ರೆ ಅನ್ಯಾಯ. ಅವರು ತಂದದ್ದು ಗೋಡೆಗೆ ನೇತುಹಾಕೋ ಡಿಗ್ರಿ ಮಾತ್ರ ಅಲ್ಲ, ಇಲ್ಲಿನವರಿಗೆ ಕಲಿಸಬಹುದಾದ ಒಂದು ವಿಷಯವನ್ನ. ಅವರಿಂದ ಕಲಿತವರು ಅದಕ್ಕಾಗಿ ಹಡಗು ಹತ್ತಬೇಕಾಗಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡ್ತೀನಿ, ಇಲ್ಲದಿದ್ರೆ ಕಥೆ ಅರ್ಧ ಆಗುತ್ತೆ. ರಾಜೇಶ್ವರಿಯವರ ಮಗಳೂ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕಿ. ಆದರೆ ಅವರು ಪಾಠ ಹೇಳಿದ್ದು ಅಮೆರಿಕದ ನೆವಾಡಾದಲ್ಲಿ.

ಇದನ್ನೆಲ್ಲ ನಮ್ಮ ಹುಡುಗಿಗೆ ಹೇಳಿದೆ. "ಅಕ್ಕ, ಅವರಿಗೆ ಸ್ಕಾಲರ್‌ಶಿಪ್ ಇತ್ತು. ನನಗಿರೋದು ಲೋನು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಸ್ಟ್‌ನಲ್ಲಿ ಅವಳ ಫ್ಲೈಟು. ಅಜ್ಜಿ ಈಗಾಗಲೇ ಚಟ್ನಿಪುಡಿಗೆ ಮೆಣಸಿನಕಾಯಿ ಒಣಗಿಸ್ತಿದ್ದಾರೆ.

ಮುಂದಿನ ವಾರ ಸಿಗೋಣ.