ಬಂದೂಕಿನ ಕುದುರೆ: ಒಂದು ಶಬ್ದದ ಮತ್ತು ಒಂದು ಯಂತ್ರಾಂಗದ ಚರಿತ್ರೆ

ಕಲಬುರಗಿಯ ಕೋಟೆಯನ್ನು ನೋಡಲು ಬರುವವರಿಗೆ ಅಲ್ಲಿಯ ಸುಮಾರು 29 ಅಡಿ ಉದ್ದದ ತೋಪನ್ನು ತೋರಿಸದೆ ಕಳುಹಿಸುವುದಿಲ್ಲ. ವಿಜಾಪುರದ ಮಲಿಕ್-ಎ-ಮೈದಾನ ತೋಪಿನ ಖ್ಯಾತಿಯೂ ಅಂತಹದೇ. ದಖ್ಖನದ ಆಗ್ನೇಯಾಸ್ತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಇಂತಹ ಮಹಾಗಾತ್ರದ ತೋಪುಗಳ ಉದ್ದವನ್ನೂ ತೂಕವನ್ನೂ ಅಳೆಯುವುದರಲ್ಲಿಯೇ ತೃಪ್ತರಾಗಿರುವರು. ಆದರೆ ಒಬ್ಬ ಕಾಲಾಳಿನ ಕೈಯಲ್ಲಿದ್ದ ಬಂದೂಕಿನ ಫಲವು ಅದರ ಗಾತ್ರವನ್ನು ಅವಲಂಬಿಸಿರಲಿಲ್ಲ. ಅವನ ತೋರುಬೆರಳಿನ ಕೆಳಗಿದ್ದ ಒಂದು ಸಣ್ಣ ಸನ್ನೆಯನ್ನು ಅವಲಂಬಿಸಿತ್ತು. ಆ ಸನ್ನೆಯು ಬಿಗಿಯಾಗಿ, ತರಿತರಿಯಾಗಿ, ತಡೆದು ತಡೆದು ಬಂದರೆ ಗುರಿ ಹಿಡಿದ ಕೈ ಅಲುಗುವುದು. ನಯವಾಗಿ ಬಂದರೆ ಗುಂಡು ಕಣ್ಣು ನೋಡಿದಲ್ಲಿಗೆ ಹೋಗುವುದು. ಈ ಅಂಗಕ್ಕೆ ಕನ್ನಡಿಗರು ಕೊಟ್ಟ ಹೆಸರು ‘ಕುದುರೆ’. ಈ ಹೆಸರಿನ ಹಾದಿಯನ್ನು ಹಿಡಿದು ನಡೆದರೆ ಆ ಯಂತ್ರವು ಸುಧಾರಿಸಿದ ಬಗೆಯೂ ವಿಶದವಾಗುತ್ತದೆ.

ಬಂದೂಕಿನ ಪರಿವಾರದ ಮಾತುಗಳಲ್ಲಿ ಅನೇಕವು ಹೊರಗಿನಿಂದ ಬಂದವು. ‘ಬಂದೂಕು’ ಅರಬ್ಬಿಯ ಮೂಲಕವೂ ‘ತುಪಾಕಿ’ ತುರ್ಕಿಯ ಮೂಲಕವೂ ಬಂದಿವೆ. ‘ಕೋವಿ’, ‘ಮದ್ದು’, ‘ಗುಂಡು’ ಮೊದಲಾದವು ನಾಡಿನ ಹಳೆಯ ಮಾತುಗಳೇ ಆಗಿದ್ದು ಹೊಸ ಅರ್ಥವನ್ನು ತಾಳಿದವು. ‘ಕುದುರೆ’ ಈ ಎರಡನೆಯ ವರ್ಗಕ್ಕೆ ಸೇರಿದುದು. ಮರಾಠಿ, ಹಿಂದಿಗಳಲ್ಲಿ ಇದೇ ಅಂಗವನ್ನು ‘ಘೋಡಾ’ ಎನ್ನುವರು. ತಮಿಳಿನಲ್ಲಿಯೂ ‘ಕುದಿರೈ’ ಎಂಬ ಬಳಕೆಯುಂಟು. ಯೂರೋಪಿನವರ ಕಣ್ಣಿಗೆ ಮಾತ್ರ ಇದು ಬೇರೆ ಪ್ರಾಣಿಯಾಗಿ ಕಂಡಿತು: ಇಂಗ್ಲಿಷರಿಗೂ ಜರ್ಮನರಿಗೂ ಹುಂಜ, ಫ್ರೆಂಚರಿಗೂ ಪೋರ್ತುಗೀಸರಿಗೂ ನಾಯಿ. ಪೋರ್ತುಗೀಸರು ಗೋವೆಯನ್ನು 1510ರಲ್ಲಿ ಹಿಡಿದು ತಮ್ಮ ಬಂದೂಕುಗಳನ್ನು ತಂದರೂ ತಮ್ಮ ನಾಯಿಯನ್ನು ಈ ನಾಡಿನ ಭಾಷೆಗಳಿಗೆ ಕೊಡಲಾರದೆ ಹೋದುದು ಗಮನಾರ್ಹವಾಗಿದೆ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಹುಂಜ, ನಾಯಿ ಎಂಬ ಹೆಸರುಗಳು ಮೇಲಿನಿಂದ ಎರಗಿ ಮದ್ದಿಗೆ ಕಿಡಿ ಮುಟ್ಟಿಸುವ ಅಂಗಕ್ಕೆ ಸಲ್ಲುತ್ತವೆ. ಕನ್ನಡದಲ್ಲಿಯಾದರೋ ಬೆರಳಿನಿಂದ ಎಳೆಯುವ ಕೆಳಗಿನ ಸನ್ನೆಗೂ ಕುದುರೆಯೆಂದೇ ಹೆಸರು. ಒಂದೇ ಹೆಸರು ಎರಡು ಅಂಗಗಳಿಗೆ ಹೇಗೆ ಬಂದಿತು? ಯಂತ್ರದ ಆದಿರೂಪವನ್ನು ಪರ್ಯಾಲೋಚಿಸಿದರೆ ಉತ್ತರವು ದೊರೆಯುವುದು. ವಿಯೆನ್ನಾ ನಗರದಲ್ಲಿರುವ 1411ರ ಒಂದು ಹಸ್ತಪ್ರತಿಯಲ್ಲಿ ಈ ಯಂತ್ರದ ಅತಿ ಹಳೆಯ ಚಿತ್ರಗಳಲ್ಲೊಂದಿದೆ. ಕಲಬುರಗಿಯ ರೋಜಾದಲ್ಲಿ ಸಮಾಧಿಸ್ಥರಾದ ಖ್ವಾಜಾ ಬಂದೇನವಾಜರು 1422ರಲ್ಲಿ ಕಾಲವಾದರೆಂಬುದನ್ನು ನೆನೆದರೆ ಆ ಕಾಲದ ಅಳತೆ ಸಿಗುವುದು. ಚಿತ್ರದಲ್ಲಿರುವುದು ಹಾವಿನಂತೆ ಎರಡು ಕಡೆ ಬಳುಕಿದ ಒಂದೇ ಕಬ್ಬಿಣದ ತುಂಡು. ಮೇಲಿನ ತುದಿಯಲ್ಲಿ ಹೊತ್ತಿದ ಬತ್ತಿ, ನಡುವೆ ಒಂದು ಮೊಳೆ, ಕೆಳಗಿನ ತುದಿಯಲ್ಲಿ ಬೆರಳು. ಕೆಳಗೆ ಎಳೆದರೆ ಮೇಲಿನ ಬತ್ತಿಯು ರಂಜಕದ ಬಟ್ಟಲಿಗೆ ಇಳಿಯುವುದು. ಇಲ್ಲಿ ಎಳೆಯುವ ಅಂಗವೂ ಎರಗುವ ಅಂಗವೂ ಒಂದೇ. ಭಾರತದ ಜಾಮಗಿ ಬಂದೂಕುಗಳಲ್ಲಿ ಇವೆರಡೂ ಬೇರೆಯಾದರೂ ಮರದ ಹಿಡಿಯೊಳಗೆ ಒಂದು ಸಣ್ಣ ಕೊಂಡಿಯಿಂದ ಕೂಡಿಕೊಂಡೇ ಇದ್ದವು. ಆದುದರಿಂದ ಒಂದರ ಹೆಸರು ಇನ್ನೊಂದಕ್ಕೆ ಹರಿದುದು ಸಹಜವೆಂದು ಊಹಿಸಬಹುದು.

ಜಾಮಗಿ ಬಂದೂಕಿನ ಎಳೆತವು ದೀರ್ಘವಾದುದು. ಆದರೆ ಅದರಲ್ಲಿ ಬಲವಾದ ಕಮಾನಿಲ್ಲ, ಕಚ್ಚಿಲ್ಲ, ಹಠಾತ್ತಾಗಿ ಬಿಡುವ ಹಲ್ಲಿಲ್ಲ. ಬೆರಳು ಎಷ್ಟು ಸರಿಯಿತೋ ಬತ್ತಿ ಅಷ್ಟು ಇಳಿಯಿತು. ಗುರಿಗಾರನು ಬೇಕೆನಿಸಿದಾಗ ಅರ್ಧದಲ್ಲಿ ನಿಲ್ಲಿಸಲೂಬಹುದಾಗಿತ್ತು. ಗುರಿಯಿಟ್ಟು ಹೊಡೆಯುವುದಕ್ಕೆ ಇದು ಎಷ್ಟು ಅನುಕೂಲವಾಗಿತ್ತೆಂಬುದಕ್ಕೆ ರಾಯಚೂರಿನ ಮುತ್ತಿಗೆಯೇ ಸಾಕ್ಷಿ. 1520ರಲ್ಲಿ ಕೃಷ್ಣದೇವರಾಯನು ಆ ಕೋಟೆಯನ್ನು ಮುತ್ತಿದಾಗ ನಡೆದುದನ್ನು ಪೋರ್ತುಗೀಸನಾದ ನೂನಿಜ್ ಬರೆದಿಟ್ಟಿರುವನು. ವಿಜಯನಗರಕ್ಕೆ ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾಂವ್ ದೆ ಫಿಗೇರೆದೊ ಎಂಬುವನು ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಕೋಟೆಯ ಬಳಿಗೆ ಹೋಗಿ, ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯಿಸಿದನು. ಕೋಟೆಯವರು ಇಣುಕಲಾರದೆ ಹೋದುದರಿಂದ ರಾಯನ ಭಟರು ಗೋಡೆಯ ಬುಡಕ್ಕೆ ಬಂದು ಕಲ್ಲುಗಳನ್ನು ಕೀಳತೊಡಗಿದರು. ಅದನ್ನು ನೋಡಲು ಬಾಗಿದ ಕೋಟೆಯ ನಾಯಕನು ಹಣೆಗೆ ಗುಂಡು ತಗುಲಿ ಮಡಿದನು, ಕೋಟೆಯು ಶರಣಾಯಿತು. ಗೋಡೆಯ ಮೇಲಿದ್ದ ಭಾರಿ ತೋಪುಗಳು ಕೋಟೆಯನ್ನು ಉಳಿಸಲಿಲ್ಲ.

ಇದೇ ವಿದ್ಯೆಯನ್ನು ಮುಂದೆ ಸ್ವಂತ ಮಾಡಿಕೊಂಡವರು ಸುರಪುರದ ಬೇಡರು. ಔರಂಗಜೇಬನು ಸ್ವತಃ ನಿಂತು ನಡೆಯಿಸಿದ ಕಡೆಯ ಮುತ್ತಿಗೆಯು ಇವರ ವಾಗಿನಗೇರಿ ಕೋಟೆಯದು. 1705ರ ಫೆಬ್ರವರಿಯಿಂದ ಏಪ್ರಿಲಿನ ಕೊನೆಯವರೆಗೆ ಪೀಡನಾಯಕನ ಕಾಲಾಳುಗಳು ಜಾಮಗಿ ಬಂದೂಕುಗಳಿಂದ ಮೊಗಲರ ಮಹಾಸೈನ್ಯವನ್ನು ತಡೆದರು. ಕಡೆಗೆ ಕೋಟೆಯನ್ನು ಬಿಟ್ಟರೂ ಸೆರೆ ಸಿಕ್ಕಲಿಲ್ಲ. ಬೇಡರ ಗುರಿಗಾರಿಕೆಯ ಪ್ರಸಿದ್ಧಿಯು ವಿರೋಧಿಗಳ ಬಾಯಲ್ಲಿಯೂ ಇದ್ದಿತು. ಯೂರೋಪಿನಲ್ಲಿ ಚಕಮಕಿ ಬಂದೂಕು ಬಂದ ಮೇಲೂ ದಖ್ಖನದ ಗುರಿಗಾರರು ಬಹುಕಾಲ ಜಾಮಗಿಯನ್ನು ಬಿಡದೆ ಇದ್ದುದನ್ನು ಕೇವಲ ಹಿಂದುಳಿದಿರುವಿಕೆಯೆಂದು ಎಣಿಸುವುದು ನ್ಯಾಯವಲ್ಲ.

ಏಕೆಂದರೆ ಬಿಗಿಯಾದ, ಒರಟಾದ ಎಳೆತವೆಂಬ ದೋಷವು ಮುಖ್ಯವಾಗಿ ಬೆಳೆದುದು ಚಕಮಕಿಯೊಡನೆಯೇ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕಾದರೆ ಕುದುರೆಯ ಹಿಂದೆ ಬಲವಾದ ಕಮಾನಿರಬೇಕು. ಆ ಕಮಾನು ಬಿಗಿದು ನಿಂತಿರಬೇಕಾದರೆ ಕುದುರೆಯ ಅಚ್ಚಿನ ಬಿಲ್ಲೆಯಲ್ಲಿ ಒಂದು ಕಚ್ಚು ಬೇಕು. ಕಚ್ಚಿನಲ್ಲಿ ಸಿಕ್ಕಿಕೊಳ್ಳುವ ಉಕ್ಕಿನ ನಾಲಗೆಯೊಂದು ಬೇಕು. ಬೆರಳು ಮಾಡುವ ಕೆಲಸವೆಂದರೆ ಆ ನಾಲಗೆಯನ್ನು ಕಚ್ಚಿನಿಂದ ಜಾರಿಸುವುದು. ಕಮಾನಿನ ಒತ್ತಡವೆಲ್ಲವೂ ಆ ಎರಡು ಸಣ್ಣ ಮೈಗಳ ನಡುವೆಯೇ ಇರುವುದರಿಂದ ಅರದ ಗೆರೆ ಅಲ್ಲಿ ಉಳಿದರೆ, ಮದ್ದಿನ ಮಸಿ ಸೇರಿದರೆ, ತುಕ್ಕು ಹಿಡಿದರೆ, ಎಳೆತವು ಮರಳಿನ ಮೇಲೆ ಗಾಡಿ ಎಳೆದಂತಾಗುವುದು. ಕಚ್ಚಿನ ಓರೆಯೂ ಮುಖ್ಯವೇ. ನಾಲಗೆ ಹೊರಬರುವಾಗ ಕುದುರೆಯು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುವಂತೆ ಓರೆಯಿದ್ದರೆ ಎಳೆತವು ಭಾರ, ಆದರೆ ಬಂದೂಕು ನಿರಪಾಯ. ಓರೆಯು ವಿರುದ್ಧವಾಗಿದ್ದರೆ ಎಳೆತವು ಹಗುರ, ಆದರೆ ನೆಲಕ್ಕೆ ಕುಟ್ಟಿದ ಮಾತ್ರಕ್ಕೆ ಕುದುರೆ ಬಿದ್ದೀತು.

ಈ ಯಂತ್ರವನ್ನು ಕನ್ನಡನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಕೀರ್ತಿ ಟಿಪ್ಪು ಸುಲ್ತಾನನಿಗೆ ಸಲ್ಲುವುದು. ಶ್ರೀರಂಗಪಟ್ಟಣದಲ್ಲಿಯೂ ಬಿದನೂರಿನಲ್ಲಿಯೂ ಅವನ ಕಾರ್ಖಾನೆಗಳಿದ್ದವು. 1788ರಲ್ಲಿ ಹದಿನಾರನೆಯ ಲೂಯಿ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಫ್ರಾನ್ಸಿನಿಂದ ಕುಶಲ ಕೆಲಸಗಾರರನ್ನೂ ಬೇಡಿದರು. ಇದಕ್ಕೆ ಬೇಕಾದ ಉಕ್ಕು ನಾಡಿನಲ್ಲಿಯೇ ಇದ್ದಿತು. 1800ರಲ್ಲಿ ಮೈಸೂರು ಸೀಮೆಯ ಸಂಚಾರವನ್ನು ಕೈಕೊಂಡ ಬುಕಾನನ್ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ವರ್ಣಿಸಿರುವನು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಹೇಳಿರುವನು. ಅದೇ ಕಾಲದಲ್ಲಿ ಲಂಡನ್ನಿನ ಬಂದೂಕುಗಾರರು ಕಮಾನಿಗೂ ಅಚ್ಚಿನ ಬಿಲ್ಲೆಗೂ ನಡುವೆ ಒಂದು ಸಣ್ಣ ಕೊಂಡಿಯನ್ನಿಟ್ಟು ಉಜ್ಜುವಿಕೆಯನ್ನು ಕಡಮೆ ಮಾಡಿದರು. ಅದಕ್ಕೂ ಬಹಳ ಮೊದಲೇ ಜರ್ಮನ್ ನಾಡಿನ ಬೇಟೆಗಾರರು ಎರಡು ಸನ್ನೆಗಳ ಏರ್ಪಾಟನ್ನು ಕಂಡುಕೊಂಡಿದ್ದರು: ಮೊದಲನೆಯದು ಒಂದು ಪುಟ್ಟ ಕಮಾನನ್ನು ಬಿಗಿಯುವುದು, ಎರಡನೆಯದು ಮುಟ್ಟಿದರೆ ಸಾಕು ಅದನ್ನು ಬಿಡುವುದು.

ಈ ಸುಧಾರಣೆಗಳನ್ನೆಲ್ಲ ಒಟ್ಟಿಗೆ ನೋಡಿದರೆ ಎರಡು ಮಾರ್ಗಗಳು ಕಾಣುತ್ತವೆ. ಎಳೆತವನ್ನು ಹಗುರಗೊಳಿಸುವುದು ಒಂದು, ನುಣುಪುಗೊಳಿಸುವುದು ಇನ್ನೊಂದು. ಅನುಭವಿಯಾದ ಕೆಲಸಗಾರನು ಇವೆರಡನ್ನೂ ಒಂದೆಂದು ಭಾವಿಸುವುದಿಲ್ಲ. ಕಮಾನನ್ನು ಸವೆಯಿಸಿ ಕಚ್ಚನ್ನು ತಗ್ಗಿಸಿದರೆ ಎಳೆತವು ಆ ದಿನವೇ ಹಗುರವಾಗುವುದು. ಆದರೆ ಉಕ್ಕಿಗೆ ಕೊಟ್ಟ ಗಡಸುಹದವು ಮೇಲಿನ ಪೊರೆಗೆ ಮಾತ್ರ ಸೇರಿದುದಾಗಿರಬಹುದು. ಅರವು ಆ ಪೊರೆಯನ್ನು ದಾಟಿದರೆ ಒಳಗಿನ ಮೆದುವಾದ ಕಬ್ಬಿಣವು ಬೇಗನೆ ಸವೆದು, ಒಂದು ದಿನ ಬೆರಳಿಲ್ಲದೆಯೇ ಕುದುರೆ ಬೀಳುವುದು. ನುಣ್ಣನೆಯ ಸಾಣೆಕಲ್ಲಿನಿಂದ ಓರೆ ಕೆಡದಂತೆ ಮೈಯನ್ನು ಮಾತ್ರ ಹೊಳಪಿಸಿ, ಮಸಿ ತೆಗೆದು, ಎಣ್ಣೆ ಸವರಿದರೆ ತೂಕ ಹೆಚ್ಚು ಕಡಮೆಯಾಗದಿದ್ದರೂ ತರಿ ಹೋಗುವುದು. ಕೈಯನ್ನು ಅಲುಗಿಸುವುದು ತೂಕಕ್ಕಿಂತ ಹೆಚ್ಚಾಗಿ ಅದರ ಏರುಪೇರು. ಜಾಮಗಿಯ ದೀರ್ಘವಾದ ಎಳೆತವು ಗುರಿಗಾರನಿಗೆ ಒಗ್ಗಿದುದರ ರಹಸ್ಯವೂ ಇದೇ.

ಈ ಕೈಕೆಲಸದ ಪರಂಪರೆಗೆ ಪೆಟ್ಟು ಬಿದ್ದುದು 1857ರಲ್ಲಿ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಧಿಕ್ಕರಿಸಿದರು. ಊರು ಸುಡಲ್ಪಟ್ಟಿತು, ಅನೇಕರು ಗಲ್ಲಿಗೇರಿದರು, ಲಾವಣಿಯೊಂದು ಉಳಿಯಿತು. 1858ರಲ್ಲಿ ಸುರಪುರದ ಸಂಸ್ಥಾನವೂ ಅಳಿಯಿತು. ಬಂದೂಕು ಹೋದ ಊರಿನಲ್ಲಿ ಅದನ್ನು ಸರಿಪಡಿಸುವವನಿಗೆ ಕೆಲಸವೆಲ್ಲಿ? ಕೊಡಗು ಮಾತ್ರ ಇದಕ್ಕೆ ಅಪವಾದವಾಯಿತು. 1861ರಲ್ಲಿ ಕಮೀಷನರಾದ ಮಾರ್ಕ್ ಕಬ್ಬನ್ನರು ಕೊಡವರಿಗೆ ಕೊಟ್ಟ ವಿನಾಯಿತಿಯು ಬೇರೆ ಬೇರೆ ರೂಪಗಳಲ್ಲಿ ಮುಂದುವರಿದು, 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ವಾಡಿಕೆ ಅಲ್ಲಿ ಇಂದಿಗೂ ಇದೆ.

ಇಪ್ಪತ್ತನೆಯ ಶತಮಾನದ ಅರೆ-ಸ್ವಯಂಚಾಲಿತ ರೈಫಲ್ಲು ಈ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿತು. ಅಮೆರಿಕದ ಸೈನ್ಯವು 1936ರಲ್ಲಿ ಸ್ವೀಕರಿಸಿದ ಗ್ಯಾರಂಡ್ ರೈಫಲ್ಲಿನಲ್ಲಿಯೂ, 1960ರ ದಶಕದಿಂದ ಈಶಾಪುರದಲ್ಲಿ ತಯಾರಾಗಿ ಭಾರತದ ಸೈನಿಕರ ಕೈಗೆ ಬಂದ ಎಸ್.ಎಲ್.ಆರ್. ರೈಫಲ್ಲಿನಲ್ಲಿಯೂ ಗುಂಡು ಹಾರಿದೊಡನೆ ಅನಿಲದ ಬಲವು ಕುದುರೆಯನ್ನು ತಾನೇ ಹಿಂದಕ್ಕೆ ಮಡಿಸುವುದು. ಬೆರಳು ಇನ್ನೂ ಒತ್ತಿಕೊಂಡೇ ಇರುವುದರಿಂದ, ಕುದುರೆಯು ಮತ್ತೆ ಬೀಳದಂತೆ ಹಿಡಿಯಲು ಇನ್ನೊಂದು ಕೊಕ್ಕೆ ಬೇಕಾಯಿತು. ಉಜ್ಜುವ ಮೈಗಳು ಹೆಚ್ಚಿದವು; ಕೆಸರಿನಲ್ಲಿಯೂ ಕುಲುಕಾಟದಲ್ಲಿಯೂ ತಪ್ಪದಿರಲೆಂದು ಕಮಾನುಗಳನ್ನು ಬಲವಾಗಿಯೇ ಇಟ್ಟರು. ಎಳೆತವು ಭಾರವೂ ಒರಟೂ ಆಗುವುದಕ್ಕೆ ಕಾರಣವಿದು. ಪರಿಹಾರವಾದರೋ ಹೊಸದಲ್ಲ: ಮೈ ನುಣುಪಾಗಬೇಕು, ಓರೆ ಉಳಿಯಬೇಕು, ಹದ ಕೆಡಬಾರದು. ಇಲ್ಲಿ ಕಚ್ಚನ್ನು ಮಿತಿಮೀರಿ ತಗ್ಗಿಸಿದವನಿಗೆ ದೊರೆಯುವ ಫಲವು ಒಂದು ಎಳೆತಕ್ಕೆ ಎರಡು ಗುಂಡು.

ಈ ವಿಚಾರದಿಂದ ಸಾಹಿತ್ಯದ ಅಧ್ಯಾಪಕರಿಗೂ ಒಂದು ಪ್ರಯೋಜನವುಂಟು. ಲಾವಣಿ, ಬಖೈರು, ಕೈಫಿಯತ್ತುಗಳಲ್ಲಿ ಬಂದೂಕಿನೊಡನೆ ‘ಕುದುರೆ’ ಬಂದಾಗ ಅದನ್ನು ಪ್ರಾಣಿಯೆಂದು ತಿಳಿಯುವುದು ಎಷ್ಟು ಪ್ರಮಾದವೋ, ಎಲ್ಲೆಡೆಯೂ ಬೆರಳಿನ ಸನ್ನೆಯೆಂದು ಅರ್ಥ ಬರೆಯುವುದೂ ಅಷ್ಟೇ ಪ್ರಮಾದ. ಏರಿಸಿದ ಕುದುರೆ ಮೇಲಿನದು, ಎಳೆದ ಕುದುರೆ ಕೆಳಗಿನದು. ಜಾಮಗಿಯ ಕಾಲದಲ್ಲಿ ಅವೆರಡೂ ಒಂದಕ್ಕೊಂದು ಕೂಡಿಕೊಂಡಿದ್ದವು. ಯಂತ್ರವು ಆಮೇಲೆ ಅವನ್ನು ಬೇರ್ಪಡಿಸಿದರೂ ಭಾಷೆಯು ಬೇರ್ಪಡಿಸಲಿಲ್ಲ. ಆದುದರಿಂದ ಅರ್ಥಕೋಶವನ್ನು ತೆರೆಯುವ ಮೊದಲು ಆ ಪಠ್ಯದ ಕಾಲವನ್ನೂ ಆ ಕಾಲದ ಬಂದೂಕನ್ನೂ ನಿಶ್ಚಯಿಸಿಕೊಳ್ಳುವುದು ಸಂಪಾದಕರ ಕರ್ತವ್ಯವಾಗಿದೆ.